ಕಾಟಾ ನಿಲ್ಲದಂತೆ ನೆಟ್‌ವರ್ಕ್ ಬೇರ್ಪಡಿಸಿದ ಬಗೆ: ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಪ್ರಕರಣ

ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಅತಿ ಮುಖ್ಯ ಕಂಪ್ಯೂಟರ್ ಯಾವುದು ಎಂದು ಕೇಳಿದರೆ ಅಕೌಂಟ್ಸ್‌ನವರು ತಮ್ಮ ಸರ್ವರ್ ತೋರಿಸುತ್ತಾರೆ. ಪ್ಲಾಂಟಿನವರು ಕಂಟ್ರೋಲ್ ರೂಮ್ ತೋರಿಸುತ್ತಾರೆ. ನನ್ನ ಪ್ರಕಾರ ಅದು ಕಾಟಾ ಕೋಣೆಯ, ಅಂದರೆ ಗಾಡಿ ತೂಗುವ ಕೋಣೆಯ, ಕಂಪ್ಯೂಟರ್. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ ಭಾಗದಲ್ಲಿ ಅಕ್ಟೋಬರ್ ಕೊನೆಗೋ ನವೆಂಬರಿಗೋ ಕಬ್ಬು ನುರಿಸುವುದು ಶುರುವಾದರೆ ಹಗಲು ರಾತ್ರಿ ಟ್ರ್ಯಾಕ್ಟರ್‌ಗಳು ಬರುತ್ತಲೇ ಇರುತ್ತವೆ. ಪ್ರತಿ ಗಾಡಿಯೂ ಕಾಟಾ ಮೇಲೆ ಎರಡು ಸಲ ನಿಲ್ಲಬೇಕು. ತುಂಬಿದಾಗ ಒಮ್ಮೆ, ಖಾಲಿ ಆದ ಮೇಲೆ ಇನ್ನೊಮ್ಮೆ. ಆ ಎರಡು ತೂಕದ ಚೀಟಿಯಿಂದಲೇ ರೈತನ ಬಿಲ್ಲು ಆಗುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ಚೀಟಿ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಕಾಟಾ ನಿಂತರೆ ಗಾಡಿ ನಿಲ್ಲುತ್ತವೆ. ಕಡಿದ ಕಬ್ಬು ಬಿಸಿಲಿಗೆ ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಇಳುವರಿಯೂ ಕಡಿಮೆಯಾಗುತ್ತದೆ. ತೂಕದ ನಷ್ಟ ರೈತನಿಗೆ, ಇಳುವರಿಯ ನಷ್ಟ ಕಾರ್ಖಾನೆಗೆ. ಈ ಪ್ರಕರಣ ಬರೆಯಲು ಕಾರಣವೇ ಅದು. ನೆಟ್‌ವರ್ಕ್ ಬೇರ್ಪಡಿಸುವುದು, ಅಂದರೆ ಒಂದರ ತೊಂದರೆ ಇನ್ನೊಂದಕ್ಕೆ ಹೋಗದಂತೆ ಕಂಪ್ಯೂಟರ್‌ಗಳನ್ನು ಬೇರೆ ಬೇರೆ ಗುಂಪಿನಲ್ಲಿಡುವುದು, ಐಟಿ ರೂಮಿನೊಳಗಿನ ಕೆಲಸದಂತೆ ಕಾಣುತ್ತದೆ. ಇಲ್ಲಿ ಅದು ಹೊರಗೆ ಸಾಲಿನಲ್ಲಿ ನಿಂತವರ ವಿಷಯ.

ಆದದ್ದು ಇಷ್ಟು

ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಹಂಗಾಮಿನ ನಡುವೆ ಹೊರಗಿನ ಸರ್ವೀಸ್ ಕಂಪನಿಯ ಹುಡುಗನೊಬ್ಬ ಪ್ರಿಂಟರ್ ನೋಡಲು ಬಂದ. ಕೇನ್ ಆಫೀಸಿನ (ಕಬ್ಬು ವಿಭಾಗದ) ನೆಟ್‌ವರ್ಕ್ ಸ್ವಿಚ್‌ನಲ್ಲಿ ಖಾಲಿ ಇದ್ದ ಪೋರ್ಟ್‌ಗೆ, ಅಂದರೆ ಕೇಬಲ್ ಕಿಂಡಿಗೆ, ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿದ. ಅದರಲ್ಲಿ ವಿಂಡೋಸ್ ಫೈಲ್ ಶೇರಿಂಗ್ ದಾರಿಯಲ್ಲಿ, ಅಂದರೆ 445ನೇ ಪೋರ್ಟ್ ಮೂಲಕ (ಈ ಪೋರ್ಟ್ ಕಿಂಡಿಯಲ್ಲ, ಕಂಪ್ಯೂಟರ್ ಒಳಗಿನ ಸೇವೆಯ ನಂಬರ್), ತಾನಾಗಿ ಹರಡುವ ವೈರಸ್, ವರ್ಮ್, ಇತ್ತು. 2017ರ ಮೇ 12ರಂದು ವನ್ನಾಕ್ರೈ ಎಂಬ ವರ್ಮ್ ಜಗತ್ತಿನ ತುಂಬ ಹರಡಿದ್ದು ಇದೇ ದಾರಿಯಲ್ಲಿ. ಅದಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಆದರೆ ಕಾಟಾ ಕಂಪ್ಯೂಟರ್‌ನಲ್ಲಿ ಇದ್ದದ್ದು ವಿಂಡೋಸ್ 7. 2020ರ ಜನವರಿ 14ಕ್ಕೆ ಅದರ ಬೆಂಬಲ ಮುಗಿದಿದೆ. ತೂಕದ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲ ಎಂದು ಅದನ್ನು ಯಾರೂ ಮುಟ್ಟಿರಲಿಲ್ಲ. ಪ್ಯಾಚ್ ಕೂಡ ಹಾಕಿರಲಿಲ್ಲ.

ಕಾಟಾ ಗುಮಾಸ್ತರು ಫೋನ್ ಮಾಡಿದ್ದು ಹೀಗೆ: "ಸಾಹೇಬ್ರ, ತೂಕ ಡಬ್ಬಿ ಮ್ಯಾಲ ಬರಾಕತ್ತೇತ್ರಿ, ಕಂಪ್ಯೂಟರ್‌ದಾಗ ಬರವಲ್ದು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕಾಟಾ ಕೆಳಗಿನ ಲೋಡ್ ಸೆಲ್‌ನಿಂದ, ಅಂದರೆ ಭಾರ ಅಳೆಯುವ ಸೆನ್ಸರ್‌ನಿಂದ, ತೂಕ ಇಂಡಿಕೇಟರ್‌ಗೆ, ಅಂಕಿ ತೋರಿಸುವ ಆ ಡಬ್ಬಿಗೆ, ಬರುತ್ತದೆ. ಅಲ್ಲಿಂದ ಒಂದು ಸೀರಿಯಲ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಹೋಗುತ್ತದೆ. ಇಂಡಿಕೇಟರ್‌ಗೂ ನೆಟ್‌ವರ್ಕ್‌ಗೂ ಸಂಬಂಧವೇ ಇಲ್ಲ. ಹಾಗಾಗಿ ಕೆಂಪು ಅಂಕಿಗಳು ಕಾಣುತ್ತಲೇ ಇದ್ದವು, ಅವನ್ನು ದಾಖಲಿಸುವ ಯಂತ್ರ ಮಾತ್ರ ಸತ್ತಿತ್ತು. ಅವತ್ತು ಕೈಬರಹದ ಚೀಟಿ ಕೊಟ್ಟು ಗಾಡಿ ಬಿಟ್ಟರು. ಎರಡನೇ ಕಾಟಾ ಕೂಡ ಅದೇ ದಾರಿ ಹಿಡಿಯಿತು. ಸಾಲು ಮುಖ್ಯ ರಸ್ತೆಗೆ ಬಂತು.

ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು, 180 ದಿನದ ಲಾಗ್ (ಯಂತ್ರಗಳ ದಾಖಲೆ) ಇಟ್ಟಿರಬೇಕು ಎಂದು ಆ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ತಿಳಿಸುವುದೇನೋ ಆಯಿತು. ಆದರೆ ಯಾವ ಸಾಧನ ಯಾವ ಪೋರ್ಟ್‌ಗೆ ಯಾವಾಗ ಬಂತು ಎಂಬ ಲಾಗ್ ಅಲ್ಲಿ ಇರಲೇ ಇಲ್ಲ. ಆ ಲ್ಯಾಪ್‌ಟಾಪ್ ಕಥೆ ಗೊತ್ತಾದದ್ದು ಕೇನ್ ಆಫೀಸಿನವರು ನೆನಪಿಸಿಕೊಂಡು ಹೇಳಿದ ಮೇಲೆ.

ಒಂದೇ ಬಯಲು

ಇಡೀ ಕಾರ್ಖಾನೆ ಒಂದೇ ಐಪಿ ರೇಂಜ್‌ನಲ್ಲಿತ್ತು, ಅಂದರೆ ಎಲ್ಲ ಸಾಧನಗಳ ನೆಟ್‌ವರ್ಕ್ ಅಡ್ರೆಸ್ ಒಂದೇ ಸಾಲಿನವು. ಕಾಟಾ, ಅಕೌಂಟ್ಸ್, ಸಿಸಿಟಿವಿ, ಬೆರಳಚ್ಚು ಹಾಜರಾತಿ ಯಂತ್ರ, ಗೆಸ್ಟ್ ಹೌಸ್ ವೈಫೈ, ಲ್ಯಾಬ್, ಎಲ್ಲ ಒಂದೇ ಬಯಲಿನಲ್ಲಿ. ಫೈರ್‌ವಾಲ್ ಇತ್ತು, ಒಳ್ಳೆಯದೇ ಇತ್ತು. ಆದರೆ ಅದು ಇಂಟರ್‌ನೆಟ್ ಬಾಗಿಲಲ್ಲಿ ಕೂತಿತ್ತು. ಒಳಗಿಂದ ಒಳಗೆ ಹೋಗುವುದನ್ನು ಅದು ನೋಡುವುದೇ ಇಲ್ಲವಲ್ಲ.

ಸುಮ್ನೆ ನಾಲ್ಕೈದು ವಿಲ್ಯಾನ್ (ಅದೇ ಸ್ವಿಚ್‌ಗಳಲ್ಲಿ ಬೇರೆ ಬೇರೆ ಮಾಡಿದ ಒಳ ನೆಟ್‌ವರ್ಕ್) ಮಾಡಿದರೆ ಸಾಕಲ್ವಾ ಎಂದು ಮ್ಯಾನೇಜ್‌ಮೆಂಟ್ ಕೇಳಿತು. ಒಳ್ಳೆಯ ಪ್ರಶ್ನೆ. ವಿಲ್ಯಾನ್ ಬೇಕೇ ಬೇಕು. ಆದರೆ ಕೇನ್ ಆಫೀಸಿನ ಪೋರ್ಟ್ ಕೇನ್ ಆಫೀಸ್ ವಿಲ್ಯಾನ್‌ನಲ್ಲೇ ಇರುತ್ತದೆ. ಅದಕ್ಕೆ ಯಾರ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಅದೂ ಕೇನ್ ಆಫೀಸಿನದೇ ಆಗಿಬಿಡುತ್ತದೆ. ಪೋರ್ಟ್ ನೋಡಿ ಅಲ್ಲ, ಬಂದ ಸಾಧನ ನೋಡಿ ಜಾಗ ಕೊಡಬೇಕು. ಅದಕ್ಕೇ ನೆಟ್‌ವರ್ಕ್ ಆಕ್ಸೆಸ್ ಕಂಟ್ರೋಲ್, ನಾವೆಲ್ಲ ನ್ಯಾಕ್ ಎನ್ನುವುದು.

ಆಯ್ಕೆ ಮಾಡಿದ್ದು ಪ್ಯಾಕೆಟ್‌ಫೆನ್ಸ್ ಎಂಬ ನ್ಯಾಕ್ ಸಾಫ್ಟ್‌ವೇರ್. ಓಪನ್ ಸೋರ್ಸ್, ಒಳಗೆ ಫ್ರೀರೇಡಿಯಸ್ (ಸಾಧನದ ಗುರುತು ಪರೀಕ್ಷಿಸುವ ರೇಡಿಯಸ್ ಸರ್ವರ್) ಇದೆ, ಬೇರೆ ಬೇರೆ ಕಂಪನಿಯ ಸ್ವಿಚ್‌ಗಳ ಜತೆ ಮಾತಾಡುತ್ತದೆ. ಕಾರ್ಖಾನೆಯಲ್ಲಿ ಮೂರು ಬ್ರ್ಯಾಂಡ್ ಸ್ವಿಚ್ ಇದ್ದವು, ಎಲ್ಲವನ್ನೂ ಬದಲಿಸಲು ದುಡ್ಡು ಇರಲಿಲ್ಲ. ಹಾಗಾಗಿ ಈ ನಿರ್ಧಾರಕ್ಕೆ ಜಾಸ್ತಿ ಚರ್ಚೆ ಆಗಲಿಲ್ಲ.

ಎರಡು ಪ್ರತ್ಯೇಕ ಭಾಗ, ಎರಡು ಬೇರೆ ಕೆಲಸ

ನ್ಯಾಕ್‌ಗೆ ಕಾರ್ಖಾನೆಯ ಸಾಮಾನ್ಯ ವಿಲ್ಯಾನ್‌ಗಳ ಜತೆ ಎರಡು ವಿಶೇಷ ವಿಲ್ಯಾನ್ ಬೇಕು. ಒಂದು ರಿಜಿಸ್ಟ್ರೇಷನ್, ಇನ್ನೊಂದು ಐಸೋಲೇಷನ್. ರಿಜಿಸ್ಟ್ರೇಷನ್ ವಿಲ್ಯಾನ್ ಎಂದರೆ ಕಾರ್ಖಾನೆ ಗೇಟಿನ ಸೆಕ್ಯುರಿಟಿ ಕೋಣೆ ಇದ್ದಂತೆ. ಯಾರು, ಯಾರನ್ನು ನೋಡಬೇಕು ಎಂದು ಬರೆಸುವ ತನಕ ಅಲ್ಲೇ ಕೂರಬೇಕು. ಐಸೋಲೇಷನ್ ಹಾಗಲ್ಲ. ಅಲ್ಲಿಗೆ ಬರುವುದು ಗುರುತಿರುವ ಸಾಧನವೇ, ಆದರೆ ಅದರಲ್ಲಿ ತೊಂದರೆ ಕಂಡಿದೆ.

ಇವೆರಡನ್ನೂ ಒಂದೇ ಮಾಡಿ ಹಣ ಉಳಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಉಳಿಯುವ ಹಣವೇ ಇಲ್ಲ, ವಿಲ್ಯಾನ್‌ಗೆ ದುಡ್ಡು ಕೊಡಬೇಕಾಗಿಲ್ಲ. 1ರಿಂದ 4094ರವರೆಗೆ ನಂಬರ್ ಇವೆ. ಒಂದೇ ಮಾಡಿದರೆ ಹೆಸರು ಬರೆಸಲು ಬಂದ ಹೊಸ ಲ್ಯಾಪ್‌ಟಾಪ್ ಮತ್ತು ವೈರಸ್ ತುಂಬಿದ ಹಳೆಯ ಕಂಪ್ಯೂಟರ್ ಪಕ್ಕಪಕ್ಕ ಕೂರುತ್ತವೆ. ನಾವು ರಿಜಿಸ್ಟ್ರೇಷನ್‌ಗೆ 110, ಐಸೋಲೇಷನ್‌ಗೆ 120 ಇಟ್ಟೆವು.

ಕೆಲಸ ನಡೆಯುವುದು ಹೀಗೆ. ಸಾಧನ ಕೇಬಲ್‌ಗೆ ಬಂದ ಕೂಡಲೇ ಸ್ವಿಚ್ 802.1ಎಕ್ಸ್ ಎಂಬ ಗುರುತು ಪರೀಕ್ಷೆಯ ಭಾಷೆಯಲ್ಲಿ ನೀನು ಯಾರು ಎಂದು ಕೇಳುತ್ತದೆ. ಪ್ರಿಂಟರ್, ಕ್ಯಾಮೆರಾಗಳಿಗೆ ಆ ಭಾಷೆ ಬರದಿದ್ದರೆ ಮ್ಯಾಕ್ ಅಡ್ರೆಸ್ (ಸಾಧನದ ನೆಟ್‌ವರ್ಕ್ ಕಾರ್ಡಿನ ನಂಬರ್) ನೋಡಿ ಗುರುತಿಸುತ್ತದೆ. ಎರಡೂ ಸಂದರ್ಭದಲ್ಲಿ ಪ್ರಶ್ನೆ 1812ನೇ ಪೋರ್ಟ್‌ನಲ್ಲಿ ರೇಡಿಯಸ್ ಸರ್ವರ್‌ಗೆ ಹೋಗುತ್ತದೆ. ಉತ್ತರದಲ್ಲಿ ಮೂರು ಮಾತು ಬರುತ್ತವೆ: ಟನಲ್-ಟೈಪ್ 13, ಅಂದರೆ ವಿಲ್ಯಾನ್. ಟನಲ್-ಮೀಡಿಯಮ್-ಟೈಪ್ 6, ಅಂದರೆ ಈಥರ್ನೆಟ್‌ನಂಥ 802 ನೆಟ್‌ವರ್ಕ್. ಮೂರನೆಯದು ಟನಲ್-ಪ್ರೈವೇಟ್-ಗ್ರೂಪ್-ಐಡಿ, ಅದರಲ್ಲಿ ವಿಲ್ಯಾನ್ ನಂಬರ್. 110 ಬಂದರೆ ಪೋರ್ಟ್ 110ಕ್ಕೆ, 120 ಬಂದರೆ 120ಕ್ಕೆ. ಮೂರರಲ್ಲಿ ಒಂದು ಬಿಟ್ಟರೂ ಎಷ್ಟೋ ಸ್ವಿಚ್‌ಗಳು ಸುಮ್ಮನೆ ಪೋರ್ಟ್‌ನ ಮೂಲ ವಿಲ್ಯಾನ್‌ನಲ್ಲೇ ಸಾಧನವನ್ನು ಬಿಡುತ್ತವೆ. ಎಲ್ಲೂ ಎರರ್ ಕಾಣುವುದಿಲ್ಲ.

110 ಮತ್ತು 120ರಲ್ಲಿ ಡಿಎಚ್‌ಸಿಪಿ (ಐಪಿ ಹಂಚುವ ಸೇವೆ) ಕೊಡುವುದು ನ್ಯಾಕ್ ಸರ್ವರ್, ಡಿಎನ್‌ಎಸ್ (ಸೈಟ್ ಹೆಸರಿಗೆ ಅಡ್ರೆಸ್ ಹೇಳುವ ಸೇವೆ) ಕೊಡುವುದೂ ಅದೇ. ಯಾವ ಹೆಸರು ಕೇಳಿದರೂ ಅದು ತನ್ನ ಅಡ್ರೆಸ್ಸನ್ನೇ ಹೇಳುತ್ತದೆ. ಹಾಗಾಗಿ ಬ್ರೌಸರ್‌ನಲ್ಲಿ ಏನು ತೆಗೆದರೂ ನ್ಯಾಕ್‌ನ ಪುಟ ಬರಬೇಕು. ಈಗ ಬಹುತೇಕ ಸೈಟ್‌ಗಳು ತಮ್ಮ ಗುರುತನ್ನು ಸರ್ಟಿಫಿಕೇಟ್‌ನಿಂದ ತೋರಿಸುವ ಎಚ್‌ಟಿಟಿಪಿಎಸ್ ಆಗಿರುವುದರಿಂದ ಪುಟದ ಬದಲು ಸರ್ಟಿಫಿಕೇಟ್ ಎಚ್ಚರಿಕೆ ಬರುವುದೇ ಜಾಸ್ತಿ. ಅದಕ್ಕೆ 2020ರ ಇಂಟರ್‌ನೆಟ್ ಮಾನದಂಡ ಆರ್‌ಎಫ್‌ಸಿ 8910ರಲ್ಲಿ ಹೇಳಿದ ಡಿಎಚ್‌ಸಿಪಿ ಆಪ್ಷನ್ 114 ಹಾಕಿದೆವು. ಪುಟ ಎಲ್ಲಿದೆ ಎಂದು ಅದು ನೇರವಾಗಿ ಸಾಧನಕ್ಕೆ ಹೇಳುತ್ತದೆ. ಹೊಸ ಫೋನ್‌ಗಳಿಗೆ ಅದು ಅರ್ಥವಾಗುತ್ತದೆ. ಹಳೆಯ ವಿಂಡೋಸ್‌ಗಳಿಗೆ ಅವುಗಳ ಇಂಟರ್‌ನೆಟ್ ಪರೀಕ್ಷೆಯ ಎಚ್‌ಟಿಟಿಪಿ ವಿನಂತಿಯನ್ನೇ ತಿರುಗಿಸಬೇಕಾಯಿತು.

ಲೀಸ್ ಸಮಯದ ಬಗ್ಗೆ, ಅಂದರೆ ಕೊಟ್ಟ ಐಪಿ ಎಷ್ಟು ಹೊತ್ತು ನಡೆಯುತ್ತದೆ ಎಂಬುದರ ಬಗ್ಗೆ, ಸ್ವಲ್ಪ ನಿಂತು ಹೇಳಬೇಕು. ಇಲ್ಲಿ ಎಲ್ಲರೂ ಎಡವುತ್ತಾರೆ. ಸ್ವಿಚ್ ಒಳಗೊಳಗೇ ವಿಲ್ಯಾನ್ ಬದಲಿಸಿದರೆ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಕೇಬಲ್ ದೀಪ ಆರಿಲ್ಲ, ಹಳೆಯ ಐಪಿ ಹಾಗೇ ಇಟ್ಟುಕೊಂಡು ಕೂರುತ್ತದೆ. ಲೀಸ್ ಎಂಟು ಗಂಟೆ ಇದ್ದರೆ ಅದು ಮತ್ತೆ ಕೇಳುವುದು ಅರ್ಧ ಅವಧಿ ಮುಗಿದ ಮೇಲೆ. ಆಗಲೂ ಹಳೆಯ ಸರ್ವರ್‌ಗೇ ನೇರವಾಗಿ ಕೇಳುತ್ತದೆ, ಅದು ಸಿಗುವುದಿಲ್ಲ. ಶೇಕಡಾ 87.5 ಅವಧಿ ದಾಟಿದ ಮೇಲೆ ಎಲ್ಲರನ್ನೂ ಕೂಗಿ ಕೇಳುತ್ತದೆ. ಆಗ ಹೊಸ ಸರ್ವರ್ ಆ ಐಪಿ ಇಲ್ಲಿ ನಡೆಯದು ಎಂದು ಹೇಳಿದರೆ, ಇಲ್ಲವೇ ಲೀಸ್ ಪೂರ್ತಿ ಮುಗಿದರೆ, ಹೊಸ ಐಪಿಗೆ ಬರುತ್ತದೆ. ಅದಕ್ಕೆ 110 ಮತ್ತು 120ರಲ್ಲಿ ಲೀಸ್ 30 ಸೆಕೆಂಡ್ ಇಟ್ಟೆವು. ಆಫೀಸ್ ವಿಲ್ಯಾನ್‌ನಿಂದ ಐಸೋಲೇಷನ್‌ಗೆ ಹೋಗುವಾಗ ಪೋರ್ಟನ್ನೇ ಒಮ್ಮೆ ಆರಿಸಿ ಹೊತ್ತಿಸುವ ಆದೇಶ ಕಳಿಸಿದೆವು.

ಆ ಆದೇಶದ ಹೆಸರು ಸಿಒಎ, ಚೇಂಜ್ ಆಫ್ ಆಥರೈಸೇಷನ್. 2008ರ ಆರ್‌ಎಫ್‌ಸಿ 5176 ಪ್ರಕಾರ ಅದು ಯುಡಿಪಿ ಪೋರ್ಟ್ 3799ರಲ್ಲಿ ಹೋಗುತ್ತದೆ. ಸಿಸ್ಕೋ ಸ್ವಿಚ್‌ಗಳು ತಾವಾಗಿ ಕೇಳುತ್ತಾ ಕೂರುವುದು 1700ರಲ್ಲಿ. ಇದನ್ನು ಎರಡೂ ಕಡೆ ಹೊಂದಿಸದಿದ್ದರೆ ನ್ಯಾಕ್‌ನಲ್ಲಿ ಐಸೋಲೇಟ್ ಆಗಿದೆ ಎಂದು ಹಸಿರು ಗುರುತು ಕಾಣುತ್ತದೆ, ಆ ಕಂಪ್ಯೂಟರ್ ಮಾತ್ರ ಆಫೀಸ್ ವಿಲ್ಯಾನ್‌ನಲ್ಲಿ ಆರಾಮವಾಗಿ ವರ್ಮ್ ಹರಡುತ್ತಿರುತ್ತದೆ. ಹಾಗಾಗಿ ಪ್ರತಿ ಬ್ರ್ಯಾಂಡಿನ ಸ್ವಿಚ್ ಮುಂದೆ ಕೂತು ನೋಡಿದೆವು. ಸರ್ವರ್ ಪರದೆಯನ್ನು ನಂಬಬಾರದು, ಸ್ವಿಚ್‌ನ ಮ್ಯಾಕ್ ಟೇಬಲ್, ಅಂದರೆ ಯಾವ ಸಾಧನ ಯಾವ ವಿಲ್ಯಾನ್‌ನಲ್ಲಿದೆ ಎಂಬ ಪಟ್ಟಿ, ನೋಡಬೇಕು.

ಬೇರೆಯಾದದ್ದು ನಿಜವಾಗಿಯೂ ಬೇರೆಯೇ?

ಮಳೆಗಾಲದಲ್ಲಿ, ಕಾರ್ಖಾನೆ ನಿಂತಿದ್ದಾಗ, 120ರಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟು ಹೊರಗೆ ಹೋಗಲು ಪ್ರಯತ್ನ ಮಾಡಿದೆವು. ನ್ಯಾಕ್ ಕೊಟ್ಟ ಐಪಿ ಇಟ್ಟುಕೊಂಡಾಗ ಎಲ್ಲ ಸರಿ ಇತ್ತು, ಎಲ್ಲಿಗೂ ಹೋಗಲಿಲ್ಲ. ಆಮೇಲೆ ಕೈಯಾರೆ ಐಪಿ ಹಾಕಿ, ಗೇಟ್‌ವೇ (ಬೇರೆ ನೆಟ್‌ವರ್ಕ್‌ಗೆ ಹೋಗುವ ಬಾಗಿಲು) ಜಾಗದಲ್ಲಿ ಆ ರೇಂಜ್‌ನ ಕೊನೆಯ ಅಡ್ರೆಸ್ ಕೊಟ್ಟೆವು. ಅಕೌಂಟ್ಸ್ ಸರ್ವರ್‌ನ 445 ಪೋರ್ಟ್ ತೆರೆದುಕೊಂಡಿತು!

ಕಾರಣ ಎಲ್ಲ ಸ್ವಿಚ್‌ಗಳೂ ಸೇರುವ ಕೋರ್ ಸ್ವಿಚ್‌ನಲ್ಲಿತ್ತು. ಎಎಂಸಿ (ವಾರ್ಷಿಕ ನಿರ್ವಹಣೆಯ) ಕಂಪನಿಯವರು ಪಿಂಗ್ ಪರೀಕ್ಷೆಗೆಂದು, ಅಂದರೆ ಸಂಪರ್ಕ ಇದೆಯೇ ಎಂದು ನೋಡಲು, ವಿಲ್ಯಾನ್ 120ಕ್ಕೂ ಒಂದು ಲೇಯರ್ 3 ಇಂಟರ್‌ಫೇಸ್ (ಐಪಿ ಇರುವ ಬಾಗಿಲು) ಕೊಟ್ಟಿದ್ದರು. ಕೋರ್ ಸ್ವಿಚ್‌ಗೆ ಇಂಟರ್‌ಫೇಸ್ ಇದ್ದರೆ ಸಾಕು, ಅದು ರೂಟ್ ಮಾಡುತ್ತದೆ, ಅಂದರೆ ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ದಾಟಿಸುತ್ತದೆ, ಅದೇ ಅದರ ಕೆಲಸ. ಐಸೋಲೇಷನ್ ವಿಲ್ಯಾನ್ ಲೇಯರ್ 2ರಲ್ಲಿ, ಅಂದರೆ ಹೊರಗೆ ದಾರಿ ಇಲ್ಲದ ಸ್ವಿಚ್ ಮಟ್ಟದಲ್ಲಿ, ಮಾತ್ರ ಇರಬೇಕು. ಅದಕ್ಕೆ ಇರುವ ಒಂದೇ ಐಪಿ ಬಾಗಿಲು ನ್ಯಾಕ್ ಸರ್ವರ್‌ನದು, ಅದೂ ಮುಂದಕ್ಕೆ ರೂಟ್ ಮಾಡಬಾರದು. ಆ ಇಂಟರ್‌ಫೇಸ್ ತೆಗೆಸಿದೆವು. ಬೇಡದ ಟ್ರಂಕ್‌ಗಳಿಂದ (ಹಲವು ವಿಲ್ಯಾನ್ ಹೊರುವ ಸ್ವಿಚ್ ನಡುವಿನ ಕೊಂಡಿಗಳಿಂದ) 110, 120 ತೆಗೆದೆವು. ಟ್ರಂಕ್‌ನಲ್ಲಿ ನಂಬರ್ ಗುರುತಿಲ್ಲದೆ ಹೋಗುವ ನೇಟಿವ್ ವಿಲ್ಯಾನ್ 1 ಇದ್ದದ್ದನ್ನು ಬಳಕೆಯಲ್ಲಿಲ್ಲದ ಬೇರೆ ನಂಬರ್‌ಗೆ ಬದಲಿಸಿದೆವು.

ಎರಡನೇ ಪರೀಕ್ಷೆ ಇನ್ನೂ ಮುಖ್ಯ. 120ರಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟು ಒಂದರಿಂದ ಇನ್ನೊಂದನ್ನು ನೋಡಿದೆವು. ಕಂಡಿತು. ಒಂದೇ ವಿಲ್ಯಾನ್ ಅಂದ ಮೇಲೆ ಕಾಣಲೇಬೇಕಲ್ಲ. ಅಂದರೆ ಒಂದು ಕಂಪ್ಯೂಟರ್‌ಗೆ ವರ್ಮ್ ಬಂದು, ಇನ್ನೊಂದು ಬರೀ ಹಳೆಯ ಆಂಟಿವೈರಸ್ ಕಾರಣಕ್ಕೆ ಅಲ್ಲಿಗೆ ಬಂದರೆ, ರೋಗ ಇಲ್ಲದ್ದಕ್ಕೂ ರೋಗ ಹತ್ತುತ್ತದೆ. ಪೋರ್ಟ್‌ಗಳು ಒಂದಕ್ಕೊಂದು ಮಾತಾಡದಂತೆ ತಡೆಯುವ ಸ್ವಿಚ್‌ನ ಪ್ರೊಟೆಕ್ಟೆಡ್ ಪೋರ್ಟ್ ಸೌಲಭ್ಯ ಆ ಒಂದು ಸ್ವಿಚ್ ಒಳಗೆ ಮಾತ್ರ ಕೆಲಸ ಮಾಡುತ್ತದೆ, ಎರಡು ಸ್ವಿಚ್ ನಡುವೆ ಅಲ್ಲ. ಅದೇ ಕೆಲಸವನ್ನು ಸ್ವಿಚ್‌ಗಳ ನಡುವೆಯೂ ಮಾಡುವ ಪ್ರೈವೇಟ್ ವಿಲ್ಯಾನ್ ಎಲ್ಲ ಬ್ರ್ಯಾಂಡ್‌ಗಳಲ್ಲೂ ಇರಲಿಲ್ಲ. ಕೊನೆಗೆ ಪ್ರತಿ ಸ್ವಿಚ್‌ನಲ್ಲಿ ಒಂದು ಎಸಿಎಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ) ಮೊದಲೇ ಬರೆದಿಟ್ಟು, ವಿಲ್ಯಾನ್ ನಂಬರ್ ಜತೆಗೇ ಅದರ ಹೆಸರನ್ನು ಫಿಲ್ಟರ್-ಐಡಿ ಎಂದು ರೇಡಿಯಸ್ ಉತ್ತರದಲ್ಲಿ ಕಳಿಸಿದೆವು. ಆ ಎಸಿಎಲ್ ಪೋರ್ಟ್ ಮೇಲೇ ಕೂರುತ್ತದೆ. ಡಿಎಚ್‌ಸಿಪಿ, ನ್ಯಾಕ್‌ಗೆ ಡಿಎನ್‌ಎಸ್, ನ್ಯಾಕ್ ಪುಟ, ಅಪ್‌ಡೇಟ್ ಸರ್ವರ್, ಇಷ್ಟು ಬಿಟ್ಟು ಉಳಿದದ್ದು ಬಂದ್. ಐಪಿ ಅಡ್ರೆಸ್‌ಗಳ ಹೊಸ ಪದ್ಧತಿಯಾದ ಐಪಿವಿ6 ಮರೆತರೆ ಇದೆಲ್ಲ ವ್ಯರ್ಥ. ವಿಂಡೋಸ್ ಕಂಪ್ಯೂಟರ್‌ಗಳು ಯಾರೂ ಹೇಳದಿದ್ದರೂ ತಾವೇ ಮಾಡಿಕೊಂಡ ಐಪಿವಿ6 ಲಿಂಕ್-ಲೋಕಲ್ ಅಡ್ರೆಸ್‌ನಲ್ಲಿ ಅಕ್ಕಪಕ್ಕದವುಗಳ ಜತೆ ಮಾತಾಡುತ್ತವೆ. ಅದಕ್ಕೂ ಬೇರೆ ಎಸಿಎಲ್ ಬೇಕು.

ಅಪ್‌ಡೇಟ್ ಸರ್ವರ್ ಎಂದೆನಲ್ಲ, ಅದು ಆಫೀಸಿನ ಅಪ್‌ಡೇಟ್ ಸರ್ವರ್ ಅಲ್ಲ. ರೋಗಿ ಬಂದು ಮುಟ್ಟುವ ಸರ್ವರನ್ನೇ ಆಫೀಸಿನವರೂ ಮುಟ್ಟಿದರೆ ಅದೇ ಸೇತುವೆ ಆಗುತ್ತದೆ. ಪ್ಯಾಚ್ ಮತ್ತು ಆಂಟಿವೈರಸ್ ಫೈಲ್ ಇಟ್ಟ ಒಂದು ಚಿಕ್ಕ ಪ್ರತಿ ಸರ್ವರ್ 120ರ ಕಡೆಗೆ ಮಾತ್ರ ಇದೆ.

ಟೇಬಲ್ ಕೆಳಗಿನ ಡಬ್ಬಿಗಳು

ಯೋಜನೆಯಲ್ಲಿ ಜಾಸ್ತಿ ತಲೆನೋವು ಕೊಟ್ಟದ್ದು ಸಾಫ್ಟ್‌ವೇರ್ ಅಲ್ಲ, ಟೇಬಲ್ ಕೆಳಗೆ ಸಿಕ್ಕಿಸಿದ ಐದು ಪೋರ್ಟ್‌ನ ಅಗ್ಗದ ಸ್ವಿಚ್‌ಗಳು. ಒಂದು ಗೋಡೆ ಪೋರ್ಟ್ ಹಿಂದೆ ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ಮೇಲಿನ ಸ್ವಿಚ್‌ಗೆ ಅವು ಒಂದೇ ಪೋರ್ಟ್. ಅದರಲ್ಲಿ ಒಂದನ್ನು ಐಸೋಲೇಷನ್‌ಗೆ ಕಳಿಸಿದರೆ ಕೆಲವು ಸ್ವಿಚ್‌ಗಳಲ್ಲಿ ನಾಲ್ಕೂ ಹೋಗುತ್ತವೆ. ಇನ್ನು ಕೆಲವಲ್ಲಿ ಮೊದಲು ಬಂದವನ ವಿಲ್ಯಾನ್ ಉಳಿದವರಿಗೂ. ಮೇಲಾಗಿ ಡಬ್ಬಿಯ ಒಳಗೇ ಅವು ಒಂದಕ್ಕೊಂದು ಮಾತಾಡುವುದು ನ್ಯಾಕ್‌ಗೆ ಕಾಣುವುದೇ ಇಲ್ಲ. ಇದಕ್ಕೆ ಜಾಣತನದ ಪರಿಹಾರ ಇಲ್ಲ. ಕೇಬಲ್ ಎಳೆಯಬೇಕು, ಇಲ್ಲವೇ ಆ ಜಾಗದಲ್ಲಿ ಮ್ಯಾನೇಜ್ ಮಾಡಬಹುದಾದ ಸ್ವಿಚ್ ಹಾಕಬೇಕು. ಬಜೆಟ್‌ನ ದೊಡ್ಡ ಪಾಲು ಅಲ್ಲೇ ಹೋಯಿತು. ಹೋಗಬೇಕಾದದ್ದೇ.

ಮೊದಲು ಕೆಲವು ವಾರ ಬರೀ ನೋಡುವ ಮೋಡ್‌ನಲ್ಲಿ ಇಟ್ಟೆವು. ಎಲ್ಲರನ್ನೂ ಒಳಗೆ ಬಿಡುವುದು, ಯಾರು ಬಂದರು ಎಂದು ಬರೆದಿಡುವುದು. ಯಾರ ಲೆಕ್ಕದಲ್ಲೂ ಇಲ್ಲದ ವೈಫೈ ರೂಟರ್ ಗೋದಾಮಿನಲ್ಲಿ ಸಿಕ್ಕಿತು. ಆಂಡ್ರಾಯ್ಡ್ 10, ಐಒಎಸ್ 14ರ ನಂತರ ಫೋನ್‌ಗಳು ವೈಫೈನಲ್ಲಿ ತಾವಾಗಿಯೇ ಬೇರೆ ಮ್ಯಾಕ್ ಅಡ್ರೆಸ್ ತೋರಿಸುವುದರಿಂದ ಸಿಬ್ಬಂದಿಯ ಫೋನ್‌ಗಳನ್ನು ಮ್ಯಾಕ್ ಮೇಲೆ ನೋಂದಾಯಿಸುವ ಯೋಚನೆ ಅಲ್ಲಿಗೇ ಬಿಟ್ಟೆವು. ಅವಕ್ಕೆಲ್ಲ ಗೆಸ್ಟ್ ವಿಲ್ಯಾನ್, ಇಂಟರ್‌ನೆಟ್ ಮಾತ್ರ.

ಕಾಟಾ ಕಂಪ್ಯೂಟರ್‌ಗೆ ಬೇರೆ ನಿಯಮ

ಇಲ್ಲಿ ನಮ್ಮಲ್ಲೇ ವಾದ ಆಯಿತು. ಕಾಟಾ ಕಂಪ್ಯೂಟರ್‌ನಲ್ಲಿ ಸಂಶಯ ಬಂದರೆ ಅದನ್ನೂ ತಾನಾಗಿ ಐಸೋಲೇಟ್ ಮಾಡಬೇಕೇ? ಭದ್ರತೆಯವರು ಮಾಡಲೇಬೇಕು ಎಂದರು. ಕೇನ್ ಮ್ಯಾನೇಜರ್ ಒಂದೇ ಮಾತು ಹೇಳಿದರು: "ನಿಮ್ಮ ಮಷಿನ್ ತಪ್ಪು ತಿಳ್ಕೊಂಡು ರಾತ್ರಿ ಎರಡಕ್ಕ ಕಾಟಾ ಬಂದ್ ಮಾಡಿದ್ರ, ಗಾಡಿಯವರಿಗೆ ಯಾರ್ರೀ ಉತ್ತರ ಕೊಡೋರು?"

ಅವರ ಮಾತು ಸರಿ. ತಾನಾಗಿ ಐಸೋಲೇಟ್ ಆಗುವುದು ಆಫೀಸ್ ಕಂಪ್ಯೂಟರ್‌ಗಳಿಗೆ ಮಾತ್ರ. ಅಲ್ಲಿ ಒಂದು ಕಂಪ್ಯೂಟರ್ ಕಡಿಮೆ ಹೊತ್ತಿನಲ್ಲಿ ಹತ್ತಾರು ಅಡ್ರೆಸ್‌ಗಳ 445 ಪೋರ್ಟ್ ತಟ್ಟಿದರೆ ಸುರಿಕಾಟಾ ಎಂಬ, ನೆಟ್‌ವರ್ಕ್ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ನೋಡಿ ನ್ಯಾಕ್‌ಗೆ ಹೇಳುತ್ತದೆ, ನ್ಯಾಕ್ ಸಿಒಎ ಕಳಿಸುತ್ತದೆ. ಕಾಟಾಗೆ ಎಚ್ಚರಿಕೆ ಸಂದೇಶ ಮಾತ್ರ, ನಿರ್ಧಾರ ಮನುಷ್ಯರದು. ಆದರೆ ಅದಕ್ಕೆ ಬದಲಾಗಿ ಅದರ ದಾರಿಗಳನ್ನು ಮೊದಲೇ ಕಿರಿದು ಮಾಡಿದೆವು. ಎರಡು ಕಾಟಾಗಳಿಗೆ ಎರಡು ಬೇರೆ ವಿಲ್ಯಾನ್. ಪ್ರತಿಯೊಂದೂ ತೂಕದ ಡೇಟಾಬೇಸ್ ಸರ್ವರ್‌ನ ಒಂದು ಪೋರ್ಟ್‌ಗೆ ಮಾತ್ರ ಹೋಗಬಹುದು. 445 ಎರಡೂ ದಿಕ್ಕಿನಲ್ಲಿ ಬಂದ್. ಸರ್ವರ್ ಸಿಗದಿದ್ದರೆ ಚೀಟಿ ಆ ಕಂಪ್ಯೂಟರ್‌ನಲ್ಲೇ ಉಳಿದು ಆಮೇಲೆ ಸೇರುವಂತೆ ಸಾಫ್ಟ್‌ವೇರ್‌ನವರಿಂದ ಮಾಡಿಸಿದೆವು. ನ್ಯಾಕ್‌ನಲ್ಲಿ ಮೊದಲೇ ನೋಂದಾಯಿಸಿದ ಬದಲಿ ಕಂಪ್ಯೂಟರ್ ಕಾಟಾ ಕೋಣೆಯ ಕಪಾಟಿನಲ್ಲಿದೆ.

ರೇಡಿಯಸ್ ಸರ್ವರ್ರೇ ಸತ್ತರೆ? ಕಾಟಾ ಪೋರ್ಟ್‌ಗಳು ತಮ್ಮ ವಿಲ್ಯಾನ್‌ನಲ್ಲೇ ನಡೆಯುತ್ತವೆ, ಆಫೀಸ್ ಪೋರ್ಟ್‌ಗಳು ಹೊಸ ಸಾಧನ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಸಣ್ಣ ವಿಷಯ. ಸಿಸ್ಕೋ ಸ್ವಿಚ್ ಮೊದಲು 802.1ಎಕ್ಸ್ ಉತ್ತರಕ್ಕೆ 30 ಸೆಕೆಂಡ್‌ನಂತೆ ಮೂರು ಸಲ, ಅಂದರೆ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಮ್ಯಾಕ್ ನೋಡುತ್ತದೆ. ಕರೆಂಟ್ ಹೋಗಿ ಬಂದಾಗ ಕಾಟಾ ಅಷ್ಟು ಹೊತ್ತು ಕಾಯಬಾರದು. ಆ ಪೋರ್ಟ್‌ಗಳಲ್ಲಿ ಮ್ಯಾಕ್ ಮೊದಲು ನೋಡುವಂತೆ ತಿರುಗಿಸಿದೆವು. ಮ್ಯಾಕ್ ಕದಿಯಬಹುದು, ನಿಜ. ಅದಕ್ಕೇ ಆ ವಿಲ್ಯಾನ್‌ನ ದಾರಿಗಳು ಅಷ್ಟು ಕಿರಿದು.

ಬಾಯ್ಲರ್, ಮಿಲ್ ನಡೆಸುವ ಕಂಟ್ರೋಲ್ ವ್ಯವಸ್ಥೆ ಡಿಸಿಎಸ್ ಅನ್ನು ನ್ಯಾಕ್ ಒಳಗೆ ತರಲಿಲ್ಲ. ಕೈಗಾರಿಕಾ ಕಂಟ್ರೋಲ್ ವ್ಯವಸ್ಥೆಗಳ ಭದ್ರತಾ ಮಾನದಂಡ ಐಇಸಿ 62443 ಹೇಳುವಂತೆ ಅದು ಬೇರೆಯೇ ವಲಯ. ನಡುವೆ ಫೈರ್‌ವಾಲ್, ಡೇಟಾ ಹೊರಗೆ ಬರಬಹುದು, ಒಳಗೆ ಏನೂ ಹೋಗಬಾರದು.

ಮುಂದಿನ ಹಂಗಾಮು

ಐಸೋಲೇಷನ್ ಪುಟ ಮೊದಲು ಇಂಗ್ಲಿಷ್‌ನಲ್ಲಿತ್ತು. ಪರೀಕ್ಷೆ ಮಾಡುವಾಗ ಸ್ಟೋರ್ ಗುಮಾಸ್ತರೊಬ್ಬರು ಅದನ್ನು ನೋಡಿ ಕೇಬಲ್ ಕಿತ್ತು ಪಕ್ಕದ ಪೋರ್ಟ್‌ಗೆ ಹಾಕಿದರು. ಅಲ್ಲೂ ಅದೇ ಪುಟ, ಯಾಕೆಂದರೆ ನಿರ್ಬಂಧ ಇರುವುದು ಸಾಧನದ ಮೇಲೆ. ಗಾಬರಿಯಾಗಿ ಕಂಪ್ಯೂಟರನ್ನೇ ಆಫ್ ಮಾಡಿದರು. ತಪ್ಪು ಅವರದಲ್ಲ. ಪುಟವನ್ನು ಕನ್ನಡದಲ್ಲಿ ಬರೆದೆವು: "ಈ ಕಂಪ್ಯೂಟರ್‌ನಲ್ಲಿ ತೊಂದರೆ ಕಂಡಿದೆ, ಅದಕ್ಕೇ ಬೇರೆ ಇಟ್ಟಿದ್ದೇವೆ. ನಿಮ್ಮ ಫೈಲ್‌ಗಳು ಹಾಗೇ ಇವೆ. ಆಫ್ ಮಾಡಬೇಡಿ, ಕೇಬಲ್ ಕೀಳಬೇಡಿ. ಐಟಿ ರೂಮಿಗೆ ಫೋನ್ ಮಾಡಿ." ಕೆಳಗೆ ದೊಡ್ಡ ಅಕ್ಷರದಲ್ಲಿ ಎಕ್ಸ್‌ಟೆನ್ಷನ್ ನಂಬರ್. ಕಾರಣ ಹೇಳದೆ ಯಾರನ್ನಾದರೂ ಕೂಡಿಹಾಕಿದರೆ ಅವರು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಹಂಗಾಮು ಶುರುವಾದ ಮೇಲೆ ಸಾರಿಗೆ ಗುತ್ತಿಗೆದಾರರ ಕಡೆಯ ಲ್ಯಾಪ್‌ಟಾಪ್ ಒಂದು ಕೇನ್ ಆಫೀಸಿಗೆ ಬಂತು. ರಿಜಿಸ್ಟ್ರೇಷನ್ ಪುಟದಲ್ಲಿ ಹೆಸರು ಬರೆಸಿದರು, ಅನುಮತಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅದು 445 ತಟ್ಟಲು ಶುರುಮಾಡಿತು, ಸ್ವಲ್ಪ ಹೊತ್ತಿನಲ್ಲೇ 120ಕ್ಕೆ ಹೋಯಿತು. ಅವರು ಪುಟ ಓದಿ ಐಟಿ ರೂಮಿಗೆ ಫೋನ್ ಮಾಡಿದರು, ಅಲ್ಲೇ ಕೂತು ಸ್ವಚ್ಛ ಮಾಡಿಸಿಕೊಂಡರು. ಎರಡೂ ಕಾಟಾ ನಡೆಯುತ್ತಲೇ ಇದ್ದವು. ಈ ಸಲ ಯಾವ ಪೋರ್ಟ್, ಯಾವ ಹೊತ್ತು, ಯಾವ ಮ್ಯಾಕ್ ಎಂಬುದು ಲಾಗ್‌ನಲ್ಲಿತ್ತು.

ಕೆಲಸ ಇನ್ನೂ ಉಳಿದಿದೆ. ಕಾಟಾದ ವಿಂಡೋಸ್ 7 ಹಾಗೇ ಇದೆ, ತೂಕದ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬರುವ ತನಕ ಕಿರಿದಾದ ವಿಲ್ಯಾನ್ ಅದನ್ನು ಕಾಯಬೇಕು. ಆಫೀಸ್ ಕಂಪ್ಯೂಟರ್‌ಗಳು ಇನ್ನೂ ಪಾಸ್‌ವರ್ಡ್ ಮೇಲೆ ಒಳಗೆ ಬರುತ್ತಿವೆ. ಮುಂದಿನ ಬಿಡುವಿನಲ್ಲಿ ಪ್ರತಿ ಕಂಪ್ಯೂಟರ್‌ಗೂ ಸರ್ಟಿಫಿಕೇಟ್ ಕೊಟ್ಟು, ಪಾಸ್‌ವರ್ಡ್ ಬದಲು ಅದನ್ನೇ ನೋಡುವ ಇಎಪಿ-ಟಿಎಲ್‌ಎಸ್ ವಿಧಾನಕ್ಕೆ ಬರಬೇಕು ಎಂದು ಯೋಜನೆ ಕೊಟ್ಟಿದ್ದೇವೆ. ಎರಡನೇ ನ್ಯಾಕ್ ಸರ್ವರ್‌ಗೂ ಮಂಜೂರಾತಿ ಸಿಕ್ಕಿದೆ. ಅದನ್ನು ಆಡಳಿತ ಕಟ್ಟಡದಲ್ಲಿ ಅಲ್ಲ, ಕಾಟಾ ಪಕ್ಕದ ಕೋಣೆಯಲ್ಲಿ ಇಡುವುದು ಎಂದಾಗಿದೆ.